ಗೆರೆ ಬಾಟಲಿ

ಬಟ್ಟೆ ಒಣಹಾಕುವ ಕಂಬ ನೆಡಲು ಮಗ ಹಿತ್ತಲಲ್ಲಿ ಗುಂಡಿ ತೋಡಿದ. ಮೊಣಕೈ ಆಳ ಹೋಗಿರಲಿಲ್ಲ, ಗುದ್ದಲಿಗೆ ಠಣ್ಣನೆ ಏನೋ ತಾಗಿತು. ಬಗೆದು ನೋಡಿದರೆ ಹಳೇ ಗಾಜಿನ ಬಾಟಲಿಗಳು. ಯಾರೋ ಬೇಕೆಂದೇ ಸಾಲಾಗಿ ಮಲಗಿಸಿ ಮಣ್ಣು ಮುಚ್ಚಿದ್ದರು. ಬಾಡಿಗೆ ಮನೆ, ಹಿಂದೆ ಅಲ್ಲಿ ಯಾರ್ಯಾರು ಬಾಳಿ ಹೋಗಿದ್ದರೋ ಮನೆ ಮಾಲೀಕನಿಗೇ ಗೊತ್ತಿರಲಿಲ್ಲ. ಮಗ ಅವನ್ನೆಲ್ಲ ಕಾಂಪೌಂಡ್ ಗೋಡೆಯ ಪಕ್ಕ ರಾಶಿ ಹಾಕಿ, ಕಂಬ ನೆಟ್ಟು, ಮರುದಿನ ಲಾರಿ ಹತ್ತಿ ಹೊರಟುಹೋದ. ಲಾರಿ ಡ್ರೈವರು ಅವನು, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು.

"ಗುಜರಿಯವನಿಗೆ ಕೊಟ್ಬಿಡಿ ಅತ್ತೆ," ಎಂದು ಸೊಸೆ ಹೇಳಿ ಬಟ್ಟೆ ಹೊಲಿಯುವ ಫ್ಯಾಕ್ಟರಿಗೆ ಓಡಿದಳು.

ಅಜ್ಜಿಯ ಕೈಗೆ ಸಿಕ್ಕ ವಸ್ತು ಆ ಮನೆಯಿಂದ ಹೊರಗೆ ಹೋದದ್ದುಂಟೇ? ಮುಚ್ಚಳ ಹೋದ ಡಬ್ಬಿ, ಹಿಡಿ ಮುರಿದ ಬಕೆಟ್ಟು, ಎಲ್ಲಕ್ಕೂ ಅವಳ ಹತ್ತಿರ ಒಂದು ಉದ್ಯೋಗ ಇರುತ್ತಿತ್ತು. ಬಾಟಲಿಗಳನ್ನು ಸೋಪಿನ ನೀರಿನಲ್ಲಿ ನೆನೆಹಾಕಿ, ಕುದಿಯುವ ನೀರು ಸುರಿದು ಕುಲುಕಿ, ಗೋಡೆಯ ಮೇಲೆ ಬಿಸಿಲಿಗೆ ಇಟ್ಟಳು. ಅವುಗಳಲ್ಲಿ ಎರಡರ ಮೈತುಂಬ ಉದ್ದುದ್ದ ಗೆರೆಗಳಿದ್ದವು, ಒತ್ತೊತ್ತಾಗಿ, ಬಾಚಣಿಗೆಯ ಹಲ್ಲುಗಳ ಹಾಗೆ. ಅಜ್ಜಿ ಅವುಗಳ ಮೇಲೆ ಬೆರಳಾಡಿಸಿದಳು. ಅವಳಿಗೆ ತುಂಬ ಹಿಡಿಸಿಬಿಟ್ಟವು.

ಯಾಕೆ ಹಿಡಿಸಿದವು ಅಂದರೆ, ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಪೂರ್ತಿ ಕತ್ತಲೇನಲ್ಲ. ಕಿಟಕಿ ಎಲ್ಲಿದೆ, ಎದುರಿಗೆ ಯಾರೋ ನಿಂತಿದ್ದಾರೆ, ಇಷ್ಟು ಗೊತ್ತಾಗುತ್ತಿತ್ತು. ನಿಂತವರು ಯಾರು ಎಂಬುದು ಅವರು ಬಾಯಿ ಬಿಡುವ ತನಕ ದೇವರಿಗೇ ಪ್ರೀತಿ. ಯಾರಿಗೂ ಹೇಳದೆ ಒಬ್ಬಳೇ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದಳು. ಪೊರೆಯಲ್ಲ, ಒಳಗಿನ ನರವೇ ಹೋಗಿದೆ, ಆಪರೇಷನ್ ಮಾಡಿದರೂ ಬರೋದಿಲ್ಲ ಎಂದಿದ್ದರು. ಆ ಮಾತನ್ನು ಅವಳು ಅಲ್ಲೇ ನುಂಗಿಕೊಂಡಳು. ಹೇಳಿದರೆ ಆಗುವುದೇನು? ಮೂರು ವರ್ಷದ ಮೊಮ್ಮಗಳು ಗುಬ್ಬಿಯನ್ನು ಹಗಲೆಲ್ಲ ನೋಡಿಕೊಳ್ಳುವವಳು ಅವಳೇ. ಕುರುಡಿಯ ಕೈಗೆ ಯಾವ ತಾಯಿ ಮಗು ಕೊಟ್ಟಾಳು? ಮಗು ಕೈತಪ್ಪಿದರೆ ಆ ಮನೆಯಲ್ಲಿ ತಾನು ಮೂಲೆಯ ಚೀಲ. ಅದಕ್ಕೇ ಸೊಸೆ ಬರುವ ಹೊತ್ತಿಗೆ ಪೇಪರ್ ಬಿಡಿಸಿಕೊಂಡು ಕೂರುತ್ತಿದ್ದಳು. ಒಮ್ಮೆ ಗುಬ್ಬಿಯೇ, "ಅಜ್ಜಿ, ಪೇಪರಲ್ಲಿರೋರೆಲ್ಲ ತಲೆ ಕೆಳಗೆ ಮಾಡ್ಕೊಂಡಿದಾರೆ," ಎಂದು ಮಾನ ಕಳೆದಿತ್ತು.

ಅಡುಗೆಮನೆ ಪೂರ್ತಿ ಅವಳ ಬೆರಳ ತುದಿಯಲ್ಲಿತ್ತು. ಉಪ್ಪಿನ ಡಬ್ಬಿಗೆ ರಬ್ಬರ್ ಬ್ಯಾಂಡು, ಸಕ್ಕರೆಗೆ ದಾರ. ಕಾಟ ಕೊಡುತ್ತಿದ್ದದ್ದು ಔಷಧಿ ಅಂಗಡಿಯ ಪ್ಲಾಸ್ಟಿಕ್ ಬಾಟಲಿಗಳು. ಗುಬ್ಬಿಯ ಕೆಮ್ಮಿನ ಸಿರಪ್ಪೂ ಅವಳ ಮಂಡಿನೋವಿನ ಎಣ್ಣೆಯೂ ಕೈಗೆ ಅವಳಿ ಜವಳಿ. ಗೆರೆ ಬಾಟಲಿ ಸಿಕ್ಕಿದ್ದೇ ತಡ, ಅಜ್ಜಿ ಸಿರಪ್ಪನ್ನು ಅದಕ್ಕೆ ಬಗ್ಗಿಸಿದಳು. ಇನ್ನು ಜಪ್ಪಯ್ಯ ಅಂದರೂ ತಪ್ಪಾಗದು! ತಳದಲ್ಲಿ ಏನಾದರೂ ಅಂಟಿಕೊಂಡಿತ್ತೋ ಏನೋ, ಬೆರಳು ಅಲ್ಲಿವರೆಗೆ ಹೋಗದು, ಕಣ್ಣಂತೂ ಮೊದಲೇ ಹೋಗದು. ರಾತ್ರಿ ಒಂದು ಚಮಚ, ಬೆಳಿಗ್ಗೆ ಸೊಸೆ ಹೋದ ಮೇಲೆ ಒಂದು ಚಮಚ ಮಗುವಿಗೆ ಕುಡಿಸಿದಳು. ಗುಬ್ಬಿ ಮುಖ ಸಿಂಡರಿಸಿ, ಸ್ವಲ್ಪ ಹೊತ್ತು ಆಡಿ, ಹಾಸಿಗೆಗೆ ಹೋಗಿ ಮಲಗಿತು.

ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಪಕ್ಕದ ಮನೆಯ ಟೀಚರಮ್ಮ ಗೋಡೆಯ ಆಚೆಯಿಂದ ಮಾತಾಡಿಸಿದರು.

"ಎಲ್ಲಿ ಸಿಕ್ತು ಇವು? ಎಷ್ಟು ಚೆನ್ನಾಗಿವೆ!" ಗೋಡೆಯ ಮೇಲೆ ಉಳಿದಿದ್ದ ಬಾಟಲಿಗೆ ಉಗುರು ಬಡಿದ ಸದ್ದು ಕೇಳಿತು. "ಅಯ್ಯೋ, ಇದು ಗೆರೆ ಇರೋದು. ನಮ್ಮ ತಾತ ಔಷಧಿ ಅಂಗಡಿ ಇಟ್ಟಿದ್ರಲ್ಲ, ಅವರ ಹತ್ರ ನೋಡಿದೀನಿ. ವಿಷದ್ದು. ಇಲಿಗೆ ಹಾಕೋದು, ಗಾಯ ತೊಳೆಯೋದು, ಅಂಥವನ್ನೆಲ್ಲ ಇದರಲ್ಲೇ ತುಂಬ್ತಿದ್ರು. ಕತ್ತಲೇಲಿ ಮುಟ್ಟಿದ್ರೂ ಕೈಗೆ ಗೊತ್ತಾಗಿ ಬಿಟ್ಬಿಡ್ಲಿ ಅಂತ ಗೆರೆ. ಬಿಸಾಕಿ ಆಯ್ತಾ?"

"ಹೂಂ, ಬಿಸಾಕ್ತೀನಿ," ಎಂದಳು ಅಜ್ಜಿ. ಹಿಂಡುತ್ತಿದ್ದ ಬಟ್ಟೆ ಕೈಯಿಂದ ಜಾರಿ ಮಣ್ಣಿಗೆ ಬಿತ್ತು.

ಒಳಗೆ ಬರುವಾಗ ಹೊಸ್ತಿಲು ಎಡವಿದಳು. ಎಂದೂ ಎಡವಿದವಳಲ್ಲ. ಬಾಟಲಿ ತೆಗೆದು ಮೂಸಿದಳು, ಸಿರಪ್ಪಿನ ಸಿಹಿ ವಾಸನೆಯೇ ಇತ್ತು, ಅದರಡಿ ಇನ್ನೇನೋ ಇದ್ದ ಹಾಗೂ ಅನ್ನಿಸಿತು. ಹಾಸಿಗೆಯ ಬಳಿ ಮಂಡಿಯೂರಿ, "ಗುಬ್ಬೀ," ಎಂದಳು. ಮಗು ಮಿಸುಕಲಿಲ್ಲ. "ಗುಬ್ಬಿ, ಏಳೇ ಬಂಗಾರಿ." ಭುಜ ಹಿಡಿದು ಅಲ್ಲಾಡಿಸಿದಳು. ತಲೆ ಒಂದು ಕಡೆಗೆ ವಾಲಿತು. ಮೂಗಿನ ಕೆಳಗೆ ಬೆರಳಿಟ್ಟಳು. ಬೆರಳೇ ನಡುಗುತ್ತಿದ್ದರೆ ಉಸಿರು ತಿಳಿಯುವುದು ಹೇಗೆ? ಬಾಯಿ ಮುಟ್ಟಿದಳು. ಕೈಗೆ ಅಂಟಂಟು ಹತ್ತಿತು. ಜೊಲ್ಲೋ, ನೊರೆಯೋ, ರಕ್ತವೋ? ತುಟಿ ನೀಲಿಯಾಗಿದೆಯೋ? ಒಂದು ಸಲ ನೋಡಿದರೆ ಸಾಕಿತ್ತು. ಅದೊಂದು ಬಿಟ್ಟು ಉಳಿದದ್ದೆಲ್ಲ ಅವಳಿಂದ ಆಗುತ್ತಿತ್ತು.

ಟೀಚರಮ್ಮ ಗೋಡೆಯ ಆಚೆಯೇ ಇದ್ದರು. ಕೂಗಿದರೆ ಓಡಿ ಬರುತ್ತಿದ್ದರು. ಬಂದ ಮೇಲೆ ಕೇಳುತ್ತಿದ್ದರು: ತಳದಲ್ಲಿದ್ದದ್ದು ನಿಮಗೆ ಕಾಣಲಿಲ್ಲವೇ? ಸಂಜೆಗೆ ಸೊಸೆಗೆ ತಿಳಿಯುತ್ತಿತ್ತು, ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಏನೂ ಆಗಿರಲಿಕ್ಕಿಲ್ಲ, ನಿದ್ದೆ ಅಷ್ಟೇ, ಈಗ ಏಳ್ತಾಳೆ. ಅಜ್ಜಿ ಹಾಗೆಂದುಕೊಂಡು ಮಗುವಿನ ಕೈ ಹಿಡಿದು ಕೂತಳು. ಹೌದು, ಕೂತಳು. ಕೂತೇ ಇದ್ದಳು. ಆ ಹೊತ್ತು ಎಷ್ಟೆಂದು ಕೇಳಿದರೆ ಅವಳಿಗೆ ಇವತ್ತಿಗೂ ಹೇಳಲು ಬರುವುದಿಲ್ಲ.

ಮಗುವಿನ ಗಂಟಲಲ್ಲಿ ಗೊರಗೊರ ಸದ್ದಾಯಿತು. ಅಷ್ಟೇ ಸಾಕಾಯಿತು. ಮಗುವನ್ನು ಬಾಚಿ ಎತ್ತಿಕೊಂಡು, ಬಾಗಿಲಿಗೊಮ್ಮೆ ಕಂಬಕ್ಕೊಮ್ಮೆ ಢಿಕ್ಕಿ ಹೊಡೆಯುತ್ತ ಹಿತ್ತಲಿಗೆ ಬಂದಳು.

"ಟೀಚರಮ್ಮಾ, ನಂಗೆ ಕಣ್ಣು ಕಾಣಲ್ಲ! ನಂಗೆ ಕಣ್ಣು ಕಾಣಲ್ಲ ಕಣ್ರೀ! ಬಂದು ಮಗು ನೋಡಿ!"

ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದಳು.

ಅಜ್ಜಿ ಹೇಳಿದ ಸಿರಪ್ಪಿನ ಗೆರೆ ಬಾಟಲಿಯನ್ನೂ ತೆಗೆದುಕೊಂಡು ಟೀಚರಮ್ಮನ ಕಾರಿನಲ್ಲಿ ಆಸ್ಪತ್ರೆಗೆ ಹೋದರು. ಮಗುವನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಅಜ್ಜಿ ಬೆಂಚಿನ ಮೇಲೆ ಸೆರಗು ಕಚ್ಚಿಕೊಂಡು ಕೂತಳು. ಎಷ್ಟೋ ಹೊತ್ತಿನ ಮೇಲೆ ಒಳಗಿಂದ ಗುಬ್ಬಿ ಆಸ್ಪತ್ರೆ ಹಾರಿಹೋಗುವ ಹಾಗೆ ಅತ್ತಿತು. ಅಷ್ಟು ಒಳ್ಳೆಯ ಸದ್ದನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ.

ಡಾಕ್ಟರು ಹೊರಗೆ ಬಂದರು. "ಹೊಟ್ಟೆ ತೊಳೆದಿದೀವಿ. ಮಂಪರು ಸಿರಪ್ಪಿನದೇ ಇರಬಹುದು. ಆದ್ರೆ ಬಾಟಲಿ ತಳದಲ್ಲಿ ಬಿಳಿ ಪುಡಿ ಗಟ್ಟಿಯಾಗಿ ಕೂತಿದೆ, ಸಿರಪ್ಪಲ್ಲಿ ಕರಗೋಕೆ ಶುರುವಾಗಿತ್ತು. ಇನ್ನೆರಡು ಚಮಚ ಹೋಗಿದ್ರೆ ಏನಾಗ್ತಿತ್ತು ಅಂತ ನಾನು ಹೇಳಲ್ಲ. ಈಗ ಭಯ ಇಲ್ಲ, ಸಂಜೆವರೆಗೆ ಇಲ್ಲೇ ಇರ್ಲಿ."

ಸೊಸೆ ಫ್ಯಾಕ್ಟರಿಯಿಂದ ಓಡೋಡಿ ಬಂದಳು. ಮಗುವನ್ನು ನೋಡಿ, ಮುತ್ತಿಟ್ಟು, ಹೊರಬಂದು ಅತ್ತೆಯ ಪಕ್ಕ ಕುಸಿದು ಕೂತಳು. ಅಜ್ಜಿ ಏನನ್ನೂ ಮುಚ್ಚಿಡದೆ ಹೇಳಿದಳು.

"ವಿಷ ಅಂತ ಗೊತ್ತಾದ ಮೇಲೂ ಕೂಗ್ದೆ ಸುಮ್ನೆ ಕೂತಿದ್ದೆ ಕಣೆ. ನೀನು ಮಗೂನ ಕಿತ್ಕೊಂಡ್ಬಿಡ್ತೀಯ ಅಂತ."

ಈಗ ಬೈಗುಳ ಬೀಳುತ್ತದೆ ಎಂದು ಕಾದಳು. ಸೊಸೆ ಅಳುತ್ತಿದ್ದಳು.

"ನಂಗೆ ಗೊತ್ತಿತ್ತು ಅತ್ತೆ. ಹೋದ ತಿಂಗಳು ಬೆರಳಿಗೆ ಸೂಜಿ ಹೊಕ್ಕು, ಇಷ್ಟು ದಪ್ಪ ಬ್ಯಾಂಡೇಜ್ ಕಟ್ಕೊಂಡು ಬಂದೆ. ನೀವು ಏನಾಯ್ತೇ ಅಂತ ಕೇಳ್ಲಿಲ್ಲ. ಕಂಡಿದ್ರೆ ಕೇಳ್ದೆ ಬಿಡೋರಾ ನೀವು? ಅವತ್ತೇ ಗೊತ್ತಾಯ್ತು. ಬಾಯಿ ಬಿಟ್ರೆ ನಾನು ಕೆಲಸ ಬಿಡ್ಬೇಕಾಗತ್ತೆ ಅಂತ ದಿನಾ ಬಾಗಿಲು ಹಾಕ್ಕೊಂಡು ಹೋಗ್ತಿದ್ದೆ."

ಅಷ್ಟು ದಿನ ಆ ಮನೆಯಲ್ಲಿ ಮಗುವನ್ನು ನೋಡುವವರು ಯಾರೂ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಸಂಜೆ ನರ್ಸ್ ಗುಬ್ಬಿಯನ್ನು ಎತ್ತಿಕೊಂಡು ತಂದರು. "ನಾಳೆ ಒಂದಿನ ರಜೆ ಹಾಕ್ತೀನಿ," ಎಂದಳು ಸೊಸೆ. "ನಾಡಿದ್ದು..."

"ನನ್ನ ಹತ್ರ ಬಿಡ್ಬೇಡ," ಎಂದಳು ಅಜ್ಜಿ. "ಕಾಲಿಗೆ ಬೀಳ್ತೀನಿ, ನನ್ನ ಹತ್ರ ಮಾತ್ರ ಬಿಡ್ಬೇಡ ಕಣಮ್ಮ."

"ಅಜ್ಜಿ, ಎತ್ಕೋ," ಎಂದು ಗುಬ್ಬಿ ನರ್ಸಿನ ಕೈಯಿಂದಲೇ ಬಾಗಿತು. ಪುಟ್ಟ ಬೆರಳುಗಳು ಅಜ್ಜಿಯ ಕೆನ್ನೆಗೆ ತಾಗಿದವು. ಅಜ್ಜಿ ಎರಡು ಕೈಗಳನ್ನೂ ಸೆರಗಿನೊಳಗೆ ಬಿಗಿಯಾಗಿ ಸುತ್ತಿಕೊಂಡು ಬೆಂಚಿನ ಮೇಲೆ ಹಿಂದಕ್ಕೆ ಸರಿದು ಕೂತಳು.