ಬರುವವನ ಬಾವಿ

2006ರ ಮೇ 13, ಶನಿವಾರ, ಬೆಳಗ್ಗೆ ಹತ್ತೂವರೆ ಗಂಟೆ. ಅಂದು ಬುದ್ಧ ಪೂರ್ಣಿಮೆ. ನಮ್ಮೂರ ಕೆರೆ ಏರಿಯ ಕೆಳಗೆ, ರಾಯನ ಬಾವಿಯ ಪಕ್ಕ ಹಾಕಿದ್ದ ಶಾಮಿಯಾನದ ವೇದಿಕೆಯ ಮೇಲೆ ನಾನು ಕೂತಿದ್ದೆ. ಎಡಕ್ಕೆ ಶಿಡ್ಲಘಟ್ಟದಿಂದ ಬಂದಿದ್ದ ಮೌಲ್ವಿ, ಬಲಕ್ಕೆ ಚಿಕ್ಕಬಳ್ಳಾಪುರದ ಪಾದ್ರಿ. ಹಿಂದಿನ ಬ್ಯಾನರಿನಲ್ಲಿ ‘ವಿಶ್ವಧರ್ಮಗಳಲ್ಲಿ ಬರಲಿರುವ ಉದ್ಧಾರಕ’ ಎಂದಿತ್ತು. ನಮ್ಮ ಹೆಸರುಗಳ ಕೆಳಗೆ ಯಾರು ಯಾರ ಬಗ್ಗೆ ಮಾತಾಡಬೇಕೆಂದು ಬರೆಸಿದ್ದರು: ಮಹ್ದಿ, ಮೆಸ್ಸೀಯ, ಮೈತ್ರೇಯ. ಕಲ್ಕಿಯನ್ನು ಚನ್ನಕೇಶವ ಮೇಷ್ಟ್ರು ತಮಗೇ ಇಟ್ಟುಕೊಂಡಿದ್ದರು.

ಮೇಷ್ಟ್ರು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಊರಿನ ಅರ್ಧ ಹಿಪ್ಪುನೇರಳೆ ತೋಟ ಅವರದು. ಬಾವಿಯೂ ಅವರ ಮನೆತನದ್ದೇ. ಅವರ ಮುತ್ತಾತನ ಕಾಲದಲ್ಲಿ ಕಾಲಜ್ಞಾನ ಹಾಡಿಕೊಂಡು ಬಂದ ಒಬ್ಬ ಜಂಗಮ, ಕಲಿಯುಗದ ಕೊನೆಗೆ ರಾಯ ಬಿಳಿ ಕುದುರೆ ಏರಿ ಇದೇ ದಾರಿಯಲ್ಲಿ ಬರುತ್ತಾನೆ, ಬರುವಾಗ ಬಾಯಾರಿರುತ್ತಾನೆ ಎಂದನಂತೆ. ಮುತ್ತಾತ ಬಾವಿ ತೋಡಿಸಿ, ರಾಯ ಕುಡಿಯುವ ತನಕ ಇದರ ನೀರನ್ನು ಯಾರೂ ಸೇದಬಾರದೆಂದು ಸಂಕಲ್ಪ ಮಾಡಿದನಂತೆ. ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ, ಜಾಲರಿಗೆ ಬೀಗ. ಊರಿನ ಮಿಕ್ಕ ಬಾವಿಗಳೆಲ್ಲ ಬತ್ತಿ ಕಸದ ಗುಂಡಿಗಳಾದರೂ ಇದು ಬತ್ತಲಿಲ್ಲ. ಕೆರೆ ಏರಿಯ ಬುಡದಲ್ಲಿರುವುದರಿಂದ ಮಳೆನೀರು ಬಸಿದು ಬಂದು ತುಂಬಿಕೊಳ್ಳುತ್ತದೆ. ಮೇಷ್ಟ್ರು ಇದನ್ನು ಪವಾಡ ಎನ್ನುತ್ತಾರೆ.

ನಮ್ಮ ಕಾಲೋನಿಗೆ ಬರುವುದು ಎಂಟುನೂರು ಅಡಿ ಆಳದ ಬೋರ್‌ವೆಲ್ ನೀರು. ಕಲ್ಲಿನ ಸಂದಿಯಲ್ಲಿ ವರ್ಷಾನುಗಟ್ಟಲೆ ನಿಂತು, ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುವ ನೀರು. ನಾನು ಚಿಂತಾಮಣಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಅಲ್ಲಿನ ಲ್ಯಾಬಿನಲ್ಲೇ ಅಳೆದಿದ್ದೆ. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ನಮ್ಮ ನಲ್ಲಿಯಲ್ಲಿ 4.2 ಇತ್ತು. ನನ್ನ ಹಲ್ಲಿನ ಮೇಲೆ ಕಂದು ಪಟ್ಟೆಗಳಿವೆ. ನಾನು ಬಾಯಿ ಬಿಟ್ಟು ನಗುವುದನ್ನು ಎಂಟನೇ ತರಗತಿಯಲ್ಲೇ ಬಿಟ್ಟೆ. ತಮ್ಮ ಮುನೇಶನಿಗೂ ಹಾಗೇ. ಅವನು ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ಭಾನುವಾರ ಮಾತ್ರ ಬರುತ್ತಾನೆ. ಅವನ ಮಗಳು ರೂಪಳಿಗೆ ಐದು ವರ್ಷ. ಅವಳು ನಡೆದರೆ ಎರಡು ಮಂಡಿಗಳೂ ಒಂದಕ್ಕೊಂದು ಉಜ್ಜುತ್ತವೆ.

‘ಮೊದಲು ನೀರು ಬದಲಾಯಿಸಿ, ಔಷಧಿ ಆಮೇಲೆ’ ಎಂದಿದ್ದರು ಚಿಂತಾಮಣಿಯ ಡಾಕ್ಟರು. ಶಾಶ್ವತ ಹಲ್ಲುಗಳು ವಸಡಿನೊಳಗೆ ಕಟ್ಟಿಕೊಳ್ಳುವುದು ಸುಮಾರು ಎಂಟು ವರ್ಷದವರೆಗೆ. ಮೂಳೆಯೂ ಎಳೆಯದಿರುವಾಗಷ್ಟೇ ತಿದ್ದಿಕೊಳ್ಳುತ್ತದೆ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟರೆ, ನದಿ ನೀರಿನ ಯೋಜನೆ ಬರುತ್ತದೆ, ಕಾಯಿರಿ ಎಂದರು. ನಮ್ಮ ಸೀಮೆಯಲ್ಲಿ ‘ಬರುತ್ತದೆ’ ಎಂಬ ಮಾತಿಗೆ ಕೊರತೆಯಿಲ್ಲ.

ಮೇಷ್ಟ್ರು ಆಹ್ವಾನ ಕೊಡಲು ಕಾಲೋನಿಯ ಬಾಯಿಗೆ ಬಂದು, ಸ್ಕೂಟರಿನಿಂದ ಇಳಿಯದೆ ಹಾರನ್ ಹೊಡೆದಿದ್ದರು.

“ಯಶೋಧರಾ ಮೇಡಂ, ಬುದ್ಧ ಪೂರ್ಣಿಮೆ ಅಲ್ವಾ, ನಿಮ್ಮೋರ ಕಡೆಯಿಂದ ಮೈತ್ರೇಯನ ಬಗ್ಗೆ ಒಬ್ರು ಮಾತಾಡ್ಬೇಕಲ್ಲ.”

ಒಪ್ಪಿಕೊಂಡೆ. ಆ ವೇದಿಕೆಯಲ್ಲಿ ನಿಂತು ರೂಪಳಿಗಾಗಿ, ಕಾಲೋನಿಯ ಮಕ್ಕಳಿಗಾಗಿ ಬಾವಿಯ ನೀರು ಕೇಳಬೇಕೆಂದೇ ಒಪ್ಪಿಕೊಂಡೆ. ಅಪ್ಪ ನಲ್ಲಪ್ಪ ಹಿಂದೆ ದೀಕ್ಷೆ ತೆಗೆದುಕೊಂಡು ಬೌದ್ಧರಾದವರು. ಅವರು, ಇದೇ ನೀರಿನಿಂದ ಸೆಟೆದುಹೋದ ಬೆನ್ನನ್ನು ಗೋಡೆಗೆ ಒರಗಿಸಿ, ಬೀಡಿ ಆರಿಸಿ ಹೇಳಿದರು: “ಹೋಗಮ್ಮ. ಮೈತ್ರೇಯ ಬರೋಕೆ ಇನ್ನೂ ಐನೂರು ಕೋಟಿ ವರ್ಷ ಐತಂತೆ. ಅಷ್ಟೊತ್ತಿಗೆ ಮೇಷ್ಟ್ರ ಭಾಷಣ ಮುಗಿದಿರ್ತದೆ.”

ಪ್ರಾರ್ಥನೆ ಹಾಡಿದ್ದು ಮೇಷ್ಟ್ರ ಮೊಮ್ಮಗಳು ಪವಿತ್ರ. ಇದೇ ಊರಲ್ಲಿ ಹುಟ್ಟಿ ಬೆಳೆದ ಹತ್ತು ವರ್ಷದ ಹುಡುಗಿ. ಬಾಯಿ ತುಂಬಾ ತೆರೆದು ಹಾಡಿದಳು. ಹಲ್ಲು ಒಂದೊಂದೂ ಬೆಳ್ಳಗಿದ್ದವು. ಮುಂದಿನ ಸಾಲಿನಲ್ಲಿ ಕೂತಿದ್ದ ಶಾಲೆಯ ಮಕ್ಕಳ ಹಲ್ಲು ನೋಡಿದೆ, ಹೆಚ್ಚಿನವರಿಗೆ ಕಂದು ಪಟ್ಟೆ. ಮತ್ತೆ ಅವಳ ಹಲ್ಲು ನೋಡಿದೆ. ಪಟ್ಟಣದಿಂದ ಕ್ಯಾನಿನ ನೀರು ತರಿಸುತ್ತಾರೇನೋ ಅಂದುಕೊಂಡೆ. ಆದರೆ ಅವಳು ಹುಟ್ಟಿದಾಗ ನಮ್ಮ ಕಡೆ ಕ್ಯಾನ್ ಎಲ್ಲಿತ್ತು?

ಮೇಷ್ಟ್ರು ಚೆನ್ನಾಗಿ ಮಾತಾಡಿದರು. ಪಾರ್ಸಿಗಳ ಸೌಶ್ಯಂತನಿಂದ ಶುರುಮಾಡಿ, ಯೆಹೂದಿಗಳು ಕಾಯುವ ಮೆಸ್ಸೀಯ, ಕ್ರೈಸ್ತರು ಕಾಯುವ ಯೇಸುವಿನ ಪುನರಾಗಮನ, ಮಹ್ದಿ, ಮೈತ್ರೇಯ, ಕಲ್ಕಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

“ಹೆಸರು ಬೇರೆ, ಬರುವವನು ಒಬ್ಬನೇ. ಹಾಗಾಗಿ ಈ ಬಾವಿ ಒಂದು ಜಾತಿಗೆ, ಒಂದು ಮತಕ್ಕೆ ಸೇರಿದ್ದಲ್ಲ. ಯಾವ ಹೆಸರಲ್ಲಿ ಬಂದರೂ ಮೊದಲ ತಂಬಿಗೆ ಅವನಿಗೇ. ಅಲ್ಲಿಯವರೆಗೆ ನಾವು ಬರೀ ಕಾವಲುಗಾರರು. ನಮ್ಮ ತಾಯಿಗೆ ಎಂಬತ್ತನಾಲ್ಕು ವರ್ಷ. ಅವರೂ ಇದರ ಒಂದು ಹನಿ ಮುಟ್ಟಿಲ್ಲ.”

ಜನ ಚಪ್ಪಾಳೆ ತಟ್ಟಿದರು. ಮೌಲ್ವಿ, ಪಾದ್ರಿ ತಮ್ಮ ತಮ್ಮ ಮಾತು ಮುಗಿಸಿದರು. ನನ್ನ ಸರದಿ ಬಂತು.

ಕೋಪ ಬಂದಾಗ ನನಗೆ ಮಾತು ನಿಧಾನವಾಗುತ್ತದೆ. “ಮೈತ್ರೇಯ ಯಾವಾಗ ಬರ್ತಾನೆ ಅಂತ ನನಗೆ ಗೊತ್ತಿಲ್ಲ” ಎಂದೆ. “ನಮ್ಮ ರೂಪಳ ಹಲ್ಲು ಯಾವಾಗ ಕಟ್ಟಿ ಮುಗೀತವೆ ಅಂತ ಗೊತ್ತು. ಇನ್ನು ಮೂರು ವರ್ಷ. ಅವಳ ಕಾಲಿಗೆ ಅಷ್ಟು ಕೂಡ ಟೈಮಿಲ್ಲ. ಕಾಲೋನಿಯ ಬೋರಿನ ನೀರು ಮಕ್ಕಳ ಮೂಳೆ ಹಾಳು ಮಾಡ್ತಿದೆ. ಇಲ್ಲಿ ಬೀಗ ಹಾಕಿರೋ ನೀರು ಮೇಲ್ಮಟ್ಟದ್ದು, ಮಳೆದು. ಸ್ನಾನಕ್ಕೆ ಬೇಡ, ಬಟ್ಟೆಗೆ ಬೇಡ. ಕುಡಿಯೋಕೆ ಮನೆಗೊಂದು ಬಿಂದಿಗೆ ಕೊಡಿ. ಬರೋನು ಒಬ್ಬನೇ ಅಂದ್ರಲ್ಲ, ಬಂದಾಗ ಅವನಿಗೂ ಉಳಿದಿರುತ್ತೆ.”

ಹಿಂದಿನ ಸಾಲಿನಲ್ಲಿ ಕೂತಿದ್ದ ನಮ್ಮವರು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನವರು ತಿರುಗಿ ನೋಡಿದರು. ತಟ್ಟುವುದು ನಿಂತಿತು.

ಮೇಷ್ಟ್ರು ನಗುತ್ತಲೇ ಮೈಕ್ ತೆಗೆದುಕೊಂಡರು. “ಮೇಡಂ ಬಹಳ ಆಳವಾದ ಪ್ರಶ್ನೆ ಎತ್ತಿದ್ದಾರೆ. ಬಾಯಾರಿಕೆ ಅನ್ನೋದು ಒಂದು ಸಂಕೇತ. ಇಡೀ ಮನುಕುಲವೇ ಬಾಯಾರಿದೆ. ಬೀಗ ತೆಗೆಯೋದು ಒಂದು ನಿಮಿಷದ ಕೆಲಸ. ಆದರೆ ಸಂಕಲ್ಪ ಮುರಿದರೆ ಮತ್ತೆ ಕಟ್ಟೋಕಾಗಲ್ಲ. ಜಾತಿ ಪ್ರಶ್ನೆ ಅಲ್ಲ ಇದು. ನಾವೇ ಮುಟ್ಟಿಲ್ಲ ಅಂದಮೇಲೆ ಇನ್ನೇನು ಹೇಳಲಿ.”

ಆಮೇಲೆ ಊಟ. ಊರಿನವರಿಗೂ ನಮ್ಮ ಕಾಲೋನಿಯವರಿಗೂ ಶಾಮಿಯಾನದಲ್ಲಿ, ಅತಿಥಿಗಳಿಗೆ ರಸ್ತೆಯಾಚೆ ಮೇಷ್ಟ್ರ ಮನೆಯ ಜಗಲಿಯಲ್ಲಿ. ಆ ಜಗಲಿ ಹತ್ತಿದ್ದು ನಾನು ಅದೇ ಮೊದಲು. ಎಲ್ಲರಿಗೂ ಬಾಳೆಲೆ, ಎಲ್ಲರಿಗೂ ಪ್ಲಾಸ್ಟಿಕ್ ಲೋಟ. ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಲ್ಲಿ ಮೇಷ್ಟ್ರ ತಾಯಿ ವರಲಕ್ಷ್ಮಮ್ಮ ಕಟ್ಟೆಯ ಮೇಲೆ ಕೂತು, ಬಡಿಸುವವರನ್ನು ಗದರುತ್ತಿದ್ದರು. ನನ್ನನ್ನು ನೋಡಿ, “ಸಾರು ಹೆಂಗಿತ್ತಮ್ಮ?” ಎಂದರು.

“ಚೆನ್ನಾಗಿತ್ತಜ್ಜಿ. ಬೇಳೆ ಬೆಣ್ಣೆ ಥರ ಬೆಂದಿತ್ತು.”

“ಬೇಯ್ದೆ ಇನ್ನೇನು. ಎರಡು ಕುದಿಗೆ ಬೇಯ್ತದೆ. ಬೋರಿನ ನೀರಲ್ಲಿ ಇಕ್ಕಿದ್ರೆ ಸಾಯಂಕಾಲದಗಂಟ ಕುದುಸಿದ್ರೂ ಕಲ್ಲು ಕಲ್ಲೇ.”

“ಮತ್ತೆ ಇದು ಯಾವ ನೀರಜ್ಜಿ?”

“ಇನ್ಯಾವುದು? ರಾಯನ ಬಾವೀದು.” ಹಿತ್ತಲ ನಲ್ಲಿಯ ಕಡೆ ಕೈ ತೋರಿಸಿದರು. “ನಮ್ಮತ್ತೆ ಕಾಲದಾಗೆ ದಿನಾ ಒಂದು ತಂಬಿಗೆ ಸೇದಿ ರುಚಿ ನೋಡೋರು. ಕೆಟ್ಟೋಗಿದ್ರೆ ರಾಯನಿಗೆ ಏನು ಕೊಡೋದು, ಕಾಯೋರು ನೋಡ್ಬೇಕಲ್ಲ. ನನ್ನ ಕಾಲಕ್ಕೆ ಬಿಂದಿಗೆ ಆಯ್ತು. ನನ್ನ ಸೊಸೆ ಬಂದ್ಮೇಲೆ ಸೇದೋಕಾಗಲ್ಲ ಅಂದ್ಲು, ಇವನು ಬಾವಿಯೊಳಗೆ ಮೋಟರ್ ಇಳ್ಸಿ ನೆಲದಡಿ ಪೈಪ್ ಹಾಕ್ಸಿದ. ಕುಡಿಯಮ್ಮಾ, ಕುಡಿ. ಒಳ್ಳೇ ನೀರು.”

ಲೋಟಕ್ಕೆ ನೀರು ಹಿಡಿದು ನನ್ನ ಕೈಗೆ ಕೊಟ್ಟರು. ನಾನು ಯಾವ ಬೀದಿಯವಳೆಂದು ಅವರಿಗೆ ತಿಳಿದಿರಲಿಲ್ಲ. ಕಾಲೇಜಿನ ಮೇಡಂ ಅಂದುಕೊಂಡಿದ್ದರು, ಅಷ್ಟೇ.

ಕುಡಿಯಲಿಲ್ಲ. ಲೋಟ ಹಿಡಿದೇ ಜಗಲಿಗೆ ಬಂದೆ. ಮೌಲ್ವಿ, ಪಾದ್ರಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಮೇಷ್ಟ್ರು ಅವರಿಗೆ ಏನೋ ವಿವರಿಸುತ್ತಿದ್ದರು.

“ಮೇಷ್ಟ್ರೇ, ಇದು ಯಾವ ನೀರು?”

ಅವರು ಲೋಟ ನೋಡಿದರು. ಹಿತ್ತಲ ಕಡೆ ನೋಡಿದರು. “ಅದು ರುಚಿ ನೋಡೋ ಪದ್ಧತಿ ಮೇಡಂ. ಸಂಪ್ರದಾಯದೊಳಗೇ ಬರುತ್ತೆ. ಕುಡಿಯೋದು ಬೇರೆ, ರುಚಿ ನೋಡೋದು ಬೇರೆ.”

“ಮೋಟರಲ್ಲಿ ರುಚಿ ನೋಡ್ತೀರಾ?”

ಲೋಟವನ್ನು ಜಗಲಿಯ ಮೇಲಿಟ್ಟು ಶಾಮಿಯಾನಕ್ಕೆ ಹೋದೆ. ಅಮ್ಮ ಅಕ್ಕಯಮ್ಮ ಕೊನೆಯ ಪಂಕ್ತಿಯಲ್ಲಿ ಅನ್ನ ಕಲಸುತ್ತಿದ್ದರು. ವಿಷಯ ಹೇಳಿದೆ. ಅಮ್ಮ ಪೂರ್ತಿ ಕೇಳಿ, ಎಲೆ ಮಡಚಿ ಎದ್ದರು. ನಮ್ಮನ್ನು ಸ್ವಾಗತಿಸಲು ವೇದಿಕೆಯ ಮೇಲಿಟ್ಟಿದ್ದ ಹಿತ್ತಾಳೆಯ ಪೂರ್ಣಕುಂಭದಿಂದ ತೆಂಗಿನಕಾಯಿ, ಮಾವಿನೆಲೆ ತೆಗೆದು ಪಕ್ಕಕ್ಕಿಟ್ಟು, ಒಳಗಿದ್ದ ನೀರು ಚೆಲ್ಲಿ, ಬಿಂದಿಗೆಯನ್ನು ಸೊಂಟಕ್ಕೇರಿಸಿದರು. ನಮ್ಮ ಹಿಂದೆ ಇನ್ನೂ ನಾಲ್ಕಾರು ಹೆಂಗಸರು ಬಂದರು.

ಹಿತ್ತಲಲ್ಲಿ ಅಮ್ಮ, “ಅಮ್ಮಾವ್ರೇ, ನಾವೂ ರುಚಿ ನೋಡೋಕೆ ಬಂದಿದೀವಿ” ಎಂದರು.

ವರಲಕ್ಷ್ಮಮ್ಮ ಅಮ್ಮನ ಮುಖ ನೋಡಿದರು. ಆಮೇಲೆ ನನ್ನ ಮುಖ. ನಾನು ಯಾರ ಮಗಳೆಂದು ಅವರಿಗೆ ಆಗ ಗೊತ್ತಾಯಿತು. ಆ ಮುದುಕಿಗೆ ಸುಳ್ಳು ಬರುತ್ತಿರಲಿಲ್ಲ. “ನೀವು ರುಚಿ ನೋಡಿದ್ ನೀರ್ನ ರಾಯ ಕುಡೀತಾನಾ, ಅಕ್ಕಯಮ್ಮಾ?” ಎಂದರು. ಬೈಗುಳವಲ್ಲ ಅದು. ನಿಜವಾಗಿಯೂ ಕೇಳಿದರು.

ಜಗಲಿಯಿಂದ ಮೇಷ್ಟ್ರು ಓಡಿ ಬಂದರು. ಅತಿಥಿಗಳೂ ಬಂದು ಬಾಗಿಲಲ್ಲಿ ನಿಂತಿದ್ದರು. “ಅಮ್ಮನಿಗೆ ವಯಸ್ಸಾಗಿದೆ, ಏನೇನೋ ಮಾತಾಡ್ತಾರೆ” ಎಂದರು ಮೇಷ್ಟ್ರು.

“ಇಲ್ಲ. ನೀವು ಗಂಟೆಗಟ್ಟಲೆ ಹೇಳಿದ್ದನ್ನ ಅವರು ಒಂದು ಮಾತಲ್ಲಿ ಹೇಳಿದ್ರು” ಎಂದೆ.

ಯಾರಾದರೂ ಏನಾದರೂ ಅನ್ನುತ್ತಾರೆಂದು ನೋಡಿದೆ. ಮೌಲ್ವಿ ಚಪ್ಪಲಿ ಹುಡುಕುತ್ತಿದ್ದರು. ಪಾದ್ರಿ, ಚಿಕ್ಕಬಳ್ಳಾಪುರದ ಬಸ್ಸು ಎಷ್ಟು ಹೊತ್ತಿಗೆ ಎಂದು ಪಕ್ಕದವರನ್ನು ಕೇಳಿದರು. ಲೋಕವನ್ನು ಉದ್ಧರಿಸುವವನ ಬಗ್ಗೆ ಬೆಳಗ್ಗೆ ಎಷ್ಟು ಹೊತ್ತು ಮಾತಾಡಿದ್ದರು ಇವರು. ನನಗೆ ಸಿಟ್ಟು ಬಂತು. ಬೀಗ ಹಾಕಿದವರ ಮೇಲೆ ಮಾತ್ರವಲ್ಲ, ಒಬ್ಬನಾದರೂ ಬಾಯಿ ತೆರೆದಾನೆಂದು ಆ ಅರೆಗಳಿಗೆ ಕಾದು ನಿಂತ ನನ್ನ ಮೇಲೂ.

ಅಮ್ಮ ಕಾಯಲಿಲ್ಲ. ನಲ್ಲಿ ತಿರುಗಿಸಿ ಬಿಂದಿಗೆ ಇಟ್ಟರು. ಮೇಷ್ಟ್ರು, ಅವರ ಮಗ, ಆಳುಗಳು, ಎಲ್ಲರೂ ಸುತ್ತ ನಿಂತಿದ್ದರು. ತಡೆಯಬೇಕಾದರೆ ಅಮ್ಮನ ಕೈ ಹಿಡಿಯಬೇಕಿತ್ತು. ಮುಟ್ಟುವವರು ಯಾರು? ಬಿಂದಿಗೆ ತುಂಬಿತು. ಆಮೇಲೆ ಹಿಂದಿದ್ದ ಹೆಂಗಸರು ಸಾರಿನ ಬಕೆಟ್‌ಗಳನ್ನು ತೊಳೆದು ತುಂಬಿಸಿಕೊಂಡರು.

ಸೋಮವಾರ ಹೊತ್ತಿಗೆ ಹಿತ್ತಲ ನಲ್ಲಿ ಕಿತ್ತಿದ್ದರು. ಬಾವಿಯ ಜಾಲರಿಗೆ ಮುಷ್ಟಿಯಷ್ಟು ದೊಡ್ಡ ಹೊಸ ಬೀಗ ಬಿದ್ದಿತ್ತು. ಬೆಳಗ್ಗೆ ಒಂಬತ್ತಕ್ಕೆ, ಊರೆಲ್ಲ ಓಡಾಡುವ ಹೊತ್ತಿನಲ್ಲಿ, ಅಪ್ಪ ಪೂರ್ಣಿಮೆಗೆ ಹಾಕಿದ್ದ ಬಿಳಿ ಶರ್ಟನ್ನೇ ಹಾಕಿಕೊಂಡು ಗರಗಸದ ಬ್ಲೇಡ್ ಹಿಡಿದು ಬಾವಿಯ ಕಟ್ಟೆಯ ಮೇಲೆ ಕೂತರು. ಮುನೇಶ ಆ ವಾರ ರಜೆ ಹಾಕಿ ಪಕ್ಕದಲ್ಲಿ ನಿಂತಿದ್ದ.

ಮೇಷ್ಟ್ರು ಬಂದರು. “ನಲ್ಲಪ್ಪ, ಇದು ಜನರ ಭಾವನೆ. ನೂರು ವರ್ಷದಿಂದ ಕಾಯ್ತಿದೀವಿ.”

“ಸ್ವಾಮಿ, ಒಂಚೂರು ಆ ಕಡೆ ಸರೀರಿ. ನಿಮ್ಮ ನೆರಳು ಬೀಳ್ತೈತೆ, ಬ್ಲೇಡ್ ಕಾಣಲ್ಲ.”

“ಪೊಲೀಸರಿಗೆ ಫೋನ್ ಮಾಡ್ತೀನಿ.”

“ಮಾಡಿ. ಅವರಾದ್ರೂ ಕರೆದ ದಿನಾನೇ ಬರ್ತಾರೆ.”

ಪೊಲೀಸರು ಬಂದರು. ಬೀಗ ಅಷ್ಟರಲ್ಲಿ ತುಂಡಾಗಿತ್ತು. ದೂರಿನಲ್ಲಿ ಅಪ್ಪನ ಹೆಸರು, ಮುನೇಶನ ಹೆಸರು ಬರೆದುಕೊಂಡರು. ನನ್ನ ಹೆಸರನ್ನೂ ಬರೆಯಿರಿ ಎಂದು ಹೇಳಿ ಬರೆಸಿದೆ. ಅಸ್ಪೃಶ್ಯತೆಯ ಬಗ್ಗೆ ನಾವು ಕೊಟ್ಟ ದೂರನ್ನು ತೆಗೆದುಕೊಳ್ಳಲು ಮಾತ್ರ ಇಡೀ ದಿನ ಠಾಣೆಯಲ್ಲಿ ಕೂರಿಸಿದರು. ಎರಡೂ ಕೇಸು ಶಿಡ್ಲಘಟ್ಟದಲ್ಲಿ ನಡೆಯುತ್ತಿವೆ. ಮೇಷ್ಟ್ರು ಪತ್ರಿಕೆಯವರನ್ನು ಕರೆಸಿ, ಸರ್ವಧರ್ಮ ಸಮನ್ವಯದ ತಾಣಕ್ಕೆ ಧಕ್ಕೆಯಾಗಿದೆ ಎಂದು ಹೇಳಿಕೆ ಕೊಟ್ಟರು. ಇನ್ನೆರಡು ಸಲ ಬೀಗ ಬಿತ್ತು. ಎರಡು ಸಲವೂ ಅಪ್ಪ ಹಗಲು ಹೊತ್ತಿನಲ್ಲೇ ಕೊಯ್ದರು. ಮೈಲಿಗೆಯಾದ ಬಾವಿಯ ನೀರು ಬೇಡವೆಂದು ಮೇಷ್ಟ್ರ ಮನೆಯವರು ಈಗ ಕ್ಯಾನ್ ತರಿಸುತ್ತಾರೆ. ರಾಯನ ಮಾತನ್ನು ಯಾರೂ ಎತ್ತುತ್ತಿಲ್ಲ.

ರೂಪಳ ಕಾಲು ನೇರವಾಗುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದಿದ್ದಾರೆ ಡಾಕ್ಟರು. ನನ್ನ ಸಿಟ್ಟೂ ಇಳಿದಿಲ್ಲ, ಇಳಿಸಿಕೊಳ್ಳುವ ಉದ್ದೇಶವೂ ಇಲ್ಲ. ನೂರು ವರ್ಷ ಈ ನೀರು ಇಲ್ಲೇ ಇತ್ತು. ಅಪ್ಪನ ಬೆನ್ನು, ಮುನೇಶನ ಹಲ್ಲು, ನನ್ನ ನಗು ಹಾಳಾಗುತ್ತಿದ್ದಾಗಲೂ ಇಷ್ಟೇ ಹತ್ತಿರದಲ್ಲಿ ಇತ್ತು.

ನಿನ್ನೆ ಆ ಬಾವಿಯ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿದು ಕಾಲೇಜಿಗೆ ಒಯ್ದೆ. ಈ ಪರೀಕ್ಷೆಗೆ ಗಾಜಿನ ಬಾಟಲಿ ಆಗದು, ಫ್ಲೋರೈಡ್ ಗಾಜನ್ನು ತಿನ್ನುತ್ತದೆ. ಮೂರು ಸಲ ಅಳೆದೆ. ಮೂರು ಸಲವೂ ಒಂದೇ ಬಂತು. ನಮ್ಮ ನಲ್ಲಿಯಲ್ಲಿ 4.2. ಇಲ್ಲಿ ಲೀಟರಿಗೆ 0.6 ಮಿಲಿಗ್ರಾಂ.