ಪೋರ್ಟ್‌ಫೋಲಿಯೋದವರು

"ನಾಳಿಂದ ನೀವ್ಯಾರೂ ಬರೂದು ಬ್ಯಾಡ ಭರಮವ್ವ. ಪೋರ್ಟ್‌ಫೋಲಿಯೋದವರು ಬರ್ತಾರ."

ಅಕ್ಕಿಆಲೂರಿನ ಮಿಲ್ಲಿನ ಗುದ್ಲೆಪ್ಪ ಸಾವಕಾರ ಇಷ್ಟು ಹೇಳಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡ. ಕುದಿಸಿದ ಭತ್ತ ಕಣದಲ್ಲಿ ಹಬೆಯಾಡುತ್ತಿತ್ತು. ಅದರೊಳಗೆ ಬರಿಗಾಲು ಎಳೆದು ಸಾಲು ಸಾಲಾಗಿ ತಿರುವುತ್ತಿದ್ದ ಆರು ಹೆಂಗಸರು ಹಂಗೇ ನಿಂತರು. ಭರಮವ್ವ ಆ ಕಣಕ್ಕೆ ಕಾಲಿಟ್ಟು ಇಪ್ಪತ್ತೆರಡು ವರ್ಷ.

"ಅವ್ರು ಯಾವೂರವ್ರರಿ? ನಮಗಿಂತ ಕಮ್ಮಿ ಕೂಲಿಗೆ ಬರ್ತಾರೇನು?"

"ಕೂಲಿನ ತಗೊಳ್ಳಂಗಿಲ್ಲ."

"ಯಾವ ದೇವರಿಗೆ ಹರಕಿ ಹೊತ್ತಾರರಿ ಪಾಪ?" ಅಂದಳು ದಿಲ್ಶಾದ. ಹೆಂಗಸರು ನಕ್ಕರು. ಸಾವಕಾರ ನಗಲಿಲ್ಲ.

ಮನೆಯಲ್ಲಿ ಮಗಳು ಜಯಶ್ರೀ ಹೊಸ ಫೈಲು ಎದೆಗವಚಿಕೊಂಡು ಕುಣಿಯುವುದೊಂದು ಬಾಕಿ. ಬಿ.ಕಾಂ. ಕಡೇ ವರ್ಷ.

"ಅವ್ವಾ, ನನಗ ಟ್ರೇನಿಂಗಿಗೆ ಜಾಗಾ ಸಿಕ್ತು! ಆರು ವಾರ. ಮಾಡಿದ್ದೆಲ್ಲಾ ಬರದು, ಫೋಟೋ ಹಚ್ಚಿ, ಸಹಿ ಸಿಕ್ಕಾ ಹಾಕಿಸಿ ಪೋರ್ಟ್‌ಫೋಲಿಯೋ ಮಾಡಬೇಕು. ಅದಿಲ್ಲಂದ್ರ ಮಾರ್ಕ್ಸೂ ಇಲ್ಲ, ನೌಕರಿ ಮೇಳಕ್ಕ ಕರಿಯೂದೂ ಇಲ್ಲ."

ಭರಮವ್ವನ ಕೈಯಲ್ಲಿದ್ದ ರೊಟ್ಟಿ ಅರ್ಧಕ್ಕೆ ನಿಂತಿತು. "ಎಲ್ಲಿ ಸಿಕ್ತು?"

"ಗುದ್ಲೆಪ್ಪ ಸಾವಕಾರ್ರ ಮಿಲ್ಲಿನಾಗ. ಕಂಪ್ಯೂಟರ್ ಕೆಲಸ!"

"ಹಂಗಾರ ನಮ್ಮನ್ನ ಬಿಡಿಸಿದ ಪೋರ್ಟ್‌ಫೋಲಿಯೋದಾಕಿ ನೀನ ಅಂದಂಗಾತು" ಅಂದಳು ಭರಮವ್ವ, ಮತ್ತೆ ರೊಟ್ಟಿ ಬಡಿಯತೊಡಗಿದಳು.

ನಡೆದದ್ದು ಕೇಳಿ ಜಯಶ್ರೀ ಫೈಲನ್ನು ನೆಲಕ್ಕಿಟ್ಟಳು. "ನಾ ಹೋಗಂಗಿಲ್ಲ ಬಿಡವ್ವಾ."

"ಹೋಗು. ಆತ ಕಾಲೇಜ ಕಮೀಟಿಯಾಂವ. ಮೂರು ವರ್ಷದ ಓದು ಅವನ ಒಂದು ಸಿಟ್ಟಿಗೆ ಕಳಕೊಂತಿ? ಹೋಗಿ ಅಲ್ಲಿ ಏನೈತಿ ನೋಡು."

ಮಿಲ್ಲಿನಲ್ಲಿ ಕಂಪ್ಯೂಟರ್ ಇತ್ತು. ಅದರ ಮೇಲೆ ಹೊದಿಸಿದ ಅರಿವೆಯೂ ಇತ್ತು. ಹನ್ನೆರಡು ಹುಡುಗ ಹುಡುಗಿಯರಿಗೆ ಸಾವಕಾರ ಕೆಲಸ ಹಂಚಿದ. ಏನೇ ಅನ್ನಿ, ಹೆಸರಿಡುವುದರಲ್ಲಿ ಆತ ಜಾಣ. ಕಸ ಹೊಡೆದರೆ ಹೌಸ್‌ಕೀಪಿಂಗ್. ಭತ್ತ ತಿರುವಿದರೆ ಕ್ವಾಲಿಟಿ ಕಂಟ್ರೋಲ್. ಚೀಲ ಹೊತ್ತರೆ ಸಪ್ಲೈ ಚೈನ್. ಸಾವಕಾರನಿಗೆ ಚಾ ತಂದುಕೊಟ್ಟರೆ ಕಮ್ಯುನಿಕೇಶನ್.

ಕಾಲೇಜಿನ ಮಾಲತೇಶ ಸರ್ ಬೈಕ್ ಮೇಲೆ ಬಂದು ಫೋಟೋ ತೆಗೆದರು. "ನಗ್ರಿ, ನಗ್ರಿ! ಮಾರಿ ಮ್ಯಾಲ ಆತ್ಮವಿಶ್ವಾಸ ಕಾಣಬೇಕು. ಖರೇ ಅನುಭವ ಬರೀರಿ, ನೋಡಿದವ್ರು ದಂಗಾಗಬೇಕು."

ಐದು ದಿನಕ್ಕೆ ಹನ್ನೆರಡು ಮಂದಿಯ ಅಂಗೈಗೂ ಬೊಬ್ಬೆ ಬಂದವು. ಅವುಗಳ ಫೋಟೋ ಮಾತ್ರ ಯಾರೂ ತೆಗೆಯಲಿಲ್ಲ. ಬೂಟುಗಾಲಲ್ಲಿ ತಿರುವಿದ ಭತ್ತ ಒಂದು ಕಡೆ ಒಣಗಿ ಒಂದು ಕಡೆ ಹಸಿ ಉಳಿದು, ಮಿಲ್ಲಿಗೆ ಹಾಕಿದರೆ ಅಕ್ಕಿಗಿಂತ ನುಚ್ಚೇ ಜಾಸ್ತಿ ಬಂತು. ಶನಿವಾರ ಸಾವಕಾರ ಭರಮವ್ವನಿಗೆ ಹೇಳಿಕಳಿಸಿದ. ಆರೂ ಮಂದಿ ಹೋದರು. ಮಾಲತೇಶ ಸರ್ ಕೂಡ ಬೈಕ್ ನಿಲ್ಲಿಸಿಕೊಂಡು ಅಲ್ಲೇ ಇದ್ದರು.

"ಎರಡು ದಿನ ಬಂದು ಹುಡುಗರಿಗೆ ಕಲಿಸಿಕೊಡು, ಭರಮವ್ವ."

"ಪಗಾರೆಷ್ಟ್ರಿ?"

"ವಿದ್ಯಾ ಹೇಳಿಕೊಡೂದು ಪುಣ್ಯದ ಕೆಲಸ, ಯವ್ವಾ."

"ಹೌದೇನ್ರಿ? ಈ ಸರ್ರೂ ಪುಣ್ಯಕ್ಕ ಕಲಸ್ತಾರೇನು?"

ಮಾಲತೇಶ ಸರ್ ಬೈಕಿನ ಕನ್ನಡಿ ಒರೆಸಿದರು. ಅಷ್ಟರಲ್ಲಿ ಜಯಶ್ರೀ ಹನ್ನೆರಡು ಫೈಲು ತಂದು ಸಾವಕಾರನ ಮುಂದಿಟ್ಟಳು. ವಾರದ ಪುಟಕ್ಕೆ ಸಹಿ ಬೇಕಿತ್ತು. ಸಾವಕಾರ ಓದುವ ಪೈಕಿ ಅಲ್ಲ. ಸರಸರ ಸಹಿ ಗೀಚಿ, ಸಿಕ್ಕಾ ಒತ್ತಿದ. ಹುಡುಗರು ಪುಟಪುಟಕ್ಕೂ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡ ಮೇಲೆ ಫೈಲುಗಳನ್ನು ಸರ್ ಕಡೆ ನೂಕಿದ. ಸರ್ ಮೇಲಿನದನ್ನು ಬಿಚ್ಚಿ ಗಟ್ಟಿಯಾಗಿ ಓದಲು ಹೊರಟರು.

"ಕಲಿಸಬೇಕಾದವರು: ಭರಮವ್ವ, ದಿಲ್ಶಾದ ಮತ್ತು ನಾಲ್ವರು. ಅನುಭವ ಇಪ್ಪತ್ತೆರಡು ವರ್ಷ. ನಾವು ಮಾಡಿದ್ದು: ಅವರ ಕೆಲಸ. ನಮಗೆ ಕೊಟ್ಟ ಕೂಲಿ: ಇಲ್ಲ. ಅವರಿಗೆ ಉಳಿದ ಕೆಲಸ..."

ಸರ್ ಧ್ವನಿ ಇಳಿಯಿತು. ಎರಡನೆಯದು ಬಿಚ್ಚಿದರು, ಮೂರನೆಯದು ಬಿಚ್ಚಿದರು. ಎಲ್ಲದರಲ್ಲೂ ಅದೇ.

"ಏ, ಹರದ ಒಗೀರಿ ಅದನ್ನ!" ಸಾವಕಾರ ಎದ್ದ. "ಮಾರ್ಕ್ಸ್ ಹೆಂಗ ಬರ್ತಾವ ನೋಡ್ತೇನಿ!"

"ಫೋಟೋ ಹೊಡಕೊಂಡೇವ್ರಿ, ನಿಮ್ಮ ಸಿಕ್ಕಾ ಸಮೇತ" ಅಂದಳು ಜಯಶ್ರೀ. "ಲೇಬರ್ ಆಫೀಸಿನವ್ರೂ ಓದ್ಲಿ. ಖರೇ ಅನುಭವ ಬರೀರಿ ಅಂದವ್ರು ನಮ್ಮ ಸರ್ರ."

ಭರಮವ್ವ ಮಗಳ ಮಗ್ಗುಲಿಗೆ ಬಂದು ನಿಂತಳು. "ನಮ್ಮ ಕೆಲಸ ನಮಗ, ಹುಡುಗರಿಗೆ ಕಂಪ್ಯೂಟರ್. ಹೂಂ ಅನ್ರಿ ಸಾವಕಾರ್ರ."

ಸಾವಕಾರ ಬಾಯಿ ತೆರೆಯುವುದರೊಳಗೆ ಕಣದ ಮೇಲೆ ದಪ್ಪ ದಪ್ಪ ಹನಿ ಬಿದ್ದವು.

"ತಾಡಪತ್ರಿ! ತಾಡಪತ್ರಿ ಎಳೀರಿ!" ಸಾವಕಾರ ಮೂಲೆಯ ಟಾರ್ಪಾಲಿನ ಕಡೆ ಕೈ ತೋರಿಸಿ ಕೂಗಿದ.

ಹನ್ನೆರಡು ಮಂದಿ ಕದಲಲಿಲ್ಲ. ಐದು ಹೆಂಗಸರು ಕದಲಲಿಲ್ಲ. ರೂಢಿ ನೋಡಿ, ಭರಮವ್ವನ ಕಾಲು ಮಾತ್ರ ತಾವಾಗಿಯೇ ಭತ್ತದ ಕಡೆ ಒಂದು ಹೆಜ್ಜೆ ಇಟ್ಟವು. ಆಮೇಲೆ ಅವೂ ನಿಂತವು.