ಇಲ್ಲದ ಕಲ್ಲಿನ ಅಳತೆ

ಶಂಕ್ರಪ್ಪ ಎಳೆದ ಗೆರೆ ಎಂದರೆ ಗೆರೆಯೇ. ಬಾದಾಮಿಯ ಸರಕಾರಿ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷ ನಕ್ಷೆ ಬರೆದ ಮನುಷ್ಯ. ಅವನ ನಕ್ಷೆ ಹಿಡಿದು ಕುರುಡನೂ ಊರು ಸೇರುತ್ತಾನೆ ಎಂದು ಜೊತೆಯವರು ಚೇಷ್ಟೆ ಮಾಡುತ್ತಿದ್ದರು. ಆ ಚೇಷ್ಟೆಯನ್ನು ಅವನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದ.

ಎಂಬತ್ತಾರರ ಬೇಸಿಗೆಯಲ್ಲಿ ಅವನಿಗೆ ಒಂದು ಪುಣ್ಯದ ಕೆಲಸ ಗಂಟು ಬಿತ್ತು. ಪಟ್ಟದಕಲ್ಲಿನಿಂದ ಎರಡು ಮೈಲಿ ದೂರ, ಮಲಪ್ರಭೆಯ ದಂಡೆಯ ಮೇಲೆ ಒಂದು ಹಳ್ಳಿ. ಅಲ್ಲೊಂದು ಸಣ್ಣ ಗುಡಿ. ಗುಡಿಯ ಛತ್ತಿನ ದೊಡ್ಡ ಚಪ್ಪಡಿ ಯಾವ ಕಾಲಕ್ಕೋ ಬಿದ್ದು ಇಪ್ಪತ್ಮೂರು ತುಂಡಾಗಿತ್ತು. ಕೆತ್ತನೆಯೆಲ್ಲ ಸವೆದು, ಯಾವ ತುಂಡು ಯಾವುದಕ್ಕೆ ಕೂಡುತ್ತದೆ ಎಂದು ತಿಳಿಯುವಂತಿರಲಿಲ್ಲ. ಎತ್ತಿ ಇಟ್ಟು ನೋಡೋಣ ಎಂದರೆ ಒಂದೊಂದು ತುಂಡಿಗೂ ನಾಲ್ಕಾಳು ಬೇಕು, ಪ್ರತಿ ಸಲವೂ ಅಂಚು ಮುರಿಯುವ ಭಯ. ಆಗ ಬಾಗಲಕೋಟೆಯ ಕಾಲೇಜಿನ ಲೆಕ್ಚರರ್ ಸಂಗಯ್ಯ ಒಂದು ಮಾತು ಹೇಳಿದ. ಕಲ್ಲು ಎತ್ತುವುದೇ ಬೇಡ. ಪ್ರತಿ ತುಂಡಿನ ಅಂಚಿನ ಉದ್ದ, ಮೂಲೆಯ ಕೋನ ಬರೆದು ಕೊಟ್ಟರೆ ಸಾಕು, ಎಲ್ಲ ಅಳತೆಗೂ ಒಪ್ಪುವ ಜೋಡಣೆಯನ್ನು ಕಂಪ್ಯೂಟರ್ ಹುಡುಕಿ ಕೊಡುತ್ತದೆ. ಅಳೆಯುವುದಕ್ಕೆ ಶಂಕ್ರಪ್ಪನಿಗಿಂತ ಯೋಗ್ಯ ಯಾರಿದ್ದಾರೆ?

ಕಲ್ಲು ಕಾಯಲು ಊರ ಕಮಿಟಿಯವರು ಫಕ್ರುಸಾಬನನ್ನು ಇಟ್ಟಿದ್ದರು. ವರ್ಷಕ್ಕೆ ಎರಡು ಚೀಲ ಜೋಳ. ಹನ್ನೊಂದು ವರ್ಷದಿಂದ ಅವನು ಅಲ್ಲಿ ನುಗ್ಗಿದ ದನ ಓಡಿಸುತ್ತಿದ್ದ, ಹುಲ್ಲು ಕೀಳುತ್ತಿದ್ದ, ಕಲ್ಲಿನ ಮೇಲೆ ಅರಿವೆ ಒಣಗಲು ಹಾಕಿದವರ ಜೊತೆ ಜಗಳ ಕಾಯುತ್ತಿದ್ದ. ತುಂಡುಗಳನ್ನು ಮಾತ್ರ ಯಾರೂ ಎಣಿಸಿ ಅವನಿಗೆ ಒಪ್ಪಿಸಿರಲಿಲ್ಲ.

ಹದಿನಾರು ತುಂಡು ಅಳೆದ ಮೇಲೆ ಹದಿನೇಳನೆಯದು ಕಾಡಿತು. ಅದರ ಮೂರು ಅಂಚು ಕಾಣುತ್ತಿದ್ದವು, ನಾಲ್ಕನೆಯ ಕಡೆ ಮಣ್ಣಿನಲ್ಲಿ ಹೂತು, ಅದರ ಮೇಲೆ ಇನ್ನೊಂದು ತುಂಡು ಕೂತಿತ್ತು.

“ನಾಳಿ ನಾಲ್ಕ ಮಂದೀನ ಕರೀತೇನ್ರಿ ಸಾಹೇಬ್ರ, ಹಾರಿ ಹಾಕಿ ಎತ್ತೂಣು,” ಎಂದ ಫಕ್ರುಸಾಬ.

ಮೇ ತಿಂಗಳ ಮಧ್ಯಾಹ್ನ. ಬಾದಾಮಿಯ ಬಸ್ಸಿಗೆ ಅರ್ಧ ತಾಸು ಉಳಿದಿತ್ತು. ನಾಳೆ ಮತ್ತೆ ಈ ಬಿಸಿಲಿಗೆ ಬರುವುದೆಂದರೆ ಶಂಕ್ರಪ್ಪನ ಜೀವ ಒಲ್ಲೆ ಎಂದಿತು. “ಬ್ಯಾಡ, ಆತು ಬಿಡು,” ಎಂದ. ಕಂಡ ಅಂಚುಗಳ ಎರಡು ತುದಿಗೆ ಪಟ್ಟಿ ಇಟ್ಟು ಕಾಗದದ ಮೇಲೆ ನೆಟ್ಟಗೆ ಒಂದು ಗೆರೆ ಎಳೆದು ಆಕಾರ ಮುಚ್ಚಿದ. ಇಪ್ಪತ್ತೆರಡು ವರ್ಷದಲ್ಲಿ ಕಣ್ಣಿಂದ ನೋಡದೆ ಎಳೆದದ್ದು ಅದೊಂದೇ ಗೆರೆ. ಉಳಿದವನ್ನು ಮರುವಾರ ಬಂದು ಶಿಸ್ತಾಗಿ ಅಳೆದು ಮುಗಿಸಿದ, ಹದಿನೇಳನೆಯದನ್ನು ಮಾತ್ರ ಮುಗಿದದ್ದೆಂದೇ ಬಿಟ್ಟ.

ಜೂನ್ ಕೊನೆಗೆ ಸಂಗಯ್ಯ ಬಾಗಲಕೋಟೆಗೆ ಕರೆಸಿದ. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು, ಒಳಗೆ ಗರ್ಭಗುಡಿಯಷ್ಟೇ ತಂಪು. ಯಂತ್ರ ಕಿರಿಕಿರಿ ಎನ್ನುತ್ತ ಅಂಚಿಗೆ ತೂತಿದ್ದ ಕಾಗದ ಉಗುಳುತ್ತಿತ್ತು.

“ಇಪ್ಪತ್ತೆರಡು ತುಂಡು ಒಂದಕ್ಕೊಂದು ಕೂಡ್ತಾವ್ರಿ,” ಎಂದು ಸಂಗಯ್ಯ ಬೆರಳಿಟ್ಟು ತೋರಿಸಿದ. “ಹದಿನೇಳನೇದ್ರ ಈ ಅಂಚಿನ ಹಂತೇಕ ಮಾತ್ರ ಮೂರು ಮೂಲಿ ಸಂದು ಉಳೀತೈತಿ. ಅದಕ್ಕ ಎರಡ ಅರ್ಥ. ಒಂದೋ, ಈ ಅಂಚು ನೆಟ್ಟಗಿಲ್ಲ. ಇಲ್ಲಾ, ಅಲ್ಲೊಂದು ತುಂಡು ಕಾಣಿಯಾಗೇತಿ. ಯಾವ್ದು ಖರೆ ಅಂತ ಇದಕ್ಕ ಗೊತ್ತಾಗೂದಿಲ್ರಿ, ನೀವ ಹೇಳಬೇಕು. ಈ ಅಂಚು ನೀವು ಕಣ್ಣಾರೆ ನೋಡೀರಲ್ಲ?”

ಪ್ರಶ್ನೆ ಇಷ್ಟೇ. ಉತ್ತರವೂ ಇಷ್ಟೇ ಇತ್ತು: ಇಲ್ರಿ, ನೋಡಿಲ್ಲ. ಅಷ್ಟಂದಿದ್ದರೆ ನಾಲ್ಕಾಳು ಹೋಗಿ ಕಲ್ಲು ಎತ್ತುತ್ತಿದ್ದರು, ಕಥೆ ಮುಗಿಯುತ್ತಿತ್ತು. ಆದರೆ ಕೋಣೆಯಲ್ಲಿ ಇನ್ನಿಬ್ಬರು ಮೇಷ್ಟ್ರು ನಿಂತಿದ್ದರು, ಶಂಕ್ರಪ್ಪನ ಗೆರೆಯ ಖ್ಯಾತಿಯನ್ನು ಆಗಷ್ಟೇ ಕೇಳಿ ತಲೆದೂಗಿದ್ದರು.

“ನೋಡೇನ್ರಿ. ನೆಟ್ಟಗ ಐತಿ,” ಎಂದ ಶಂಕ್ರಪ್ಪ.

ಸಂಗಯ್ಯ ಏನೋ ಒತ್ತಿದ. ಯಂತ್ರ ಆ ಕಾಣೆಯಾದ ತುಂಡಿನ ಮೂರೂ ಬದಿಯ ಉದ್ದವನ್ನು ಕಾಳಿನಷ್ಟೂ ಹೆಚ್ಚುಕಡಿಮೆ ಇಲ್ಲದೆ ಮುದ್ರಿಸಿ ಕೊಟ್ಟಿತು. ಹುಟ್ಟದ ಕೂಸಿಗೆ ಕುಲಾವಿ ಹೊಲಿದ ಹಾಗೆ.

ಜೂನ್ ಮುಗಿಯುವ ಮೊದಲೇ ಊರಲ್ಲಿ ಕಮಿಟಿ ಕೂಡಿತು, ಶಂಕ್ರಪ್ಪನನ್ನೂ ಕರೆಸಿದ್ದರು. ಹಿರಿಯ ರಾಚಪ್ಪ ಕಾಗದವನ್ನು ಎಲ್ಲರಿಗೂ ಎತ್ತಿ ತೋರಿಸಿದ. ಮಿಷನ್ನು ಹೇಳಿದೆ ಎಂದ ಮೇಲೆ ಸುಳ್ಳಾಗುವುದುಂಟೇ? ತುಂಡು ಹೋಗಿದೆ, ಕಾವಲಿಗಿದ್ದವನು ಒಬ್ಬನೇ, ಪಟ್ಟದಕಲ್ಲಿಗೆ ಬರುವ ಪರದೇಶದವರು ಇಂಥವನ್ನು ಕೊಳ್ಳುತ್ತಾರೆ. “ಕಳವು” ಎಂಬ ಮಾತು ಬಂದಾಗ ಫಕ್ರುಸಾಬ ಬೆರಗಾಗಿ, “ನಾ ಮಾಡಿಲ್ರಿ,” ಎಂದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ಶಂಕ್ರಪ್ಪ. ಹದಿನೇಳನೆಯ ಕಲ್ಲಿನ ಹೆಸರನ್ನು ಯಾರೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಬೀಸುವ ದೊಣ್ಣೆ ತಪ್ಪಿತು ಎಂದುಕೊಂಡು ಬಸ್ಸು ಹತ್ತಿದ. ದೊಣ್ಣೆ ಬಿದ್ದದ್ದು ಯಾರ ಬೆನ್ನಿಗೆ ಎಂಬುದು ದಾರಿಯುದ್ದಕ್ಕೂ ನೆನಪಾಗುತ್ತಲೇ ಇತ್ತು.

ಫಕ್ರುಸಾಬನ ಕಾವಲು ಹೋಯಿತು. ಅದಕ್ಕಿಂತ ದೊಡ್ಡದೂ ಹೋಯಿತು. ಮೊಹರಮ್ಮಿನಲ್ಲಿ ಅಲೈ ದೇವರ ಪಂಜಾ ಎಂಬ ಲೋಹದ ಹಸ್ತವನ್ನು ಹಿಡಿಯುವ ಹಕ್ಕು ಅವನ ಮನೆತನದ್ದು. ಊರಿಗೆ ಊರೇ, ಲಿಂಗವಂತರು, ಕುರುಬರು ಎನ್ನದೆ, ಆ ಪಂಜಾದ ಮುಂದೆ ಹರಕೆಯ ಸಕ್ಕರೆ ಓದಿಸುತ್ತಿತ್ತು. ಕಳ್ಳನ ಕೈಯಲ್ಲಿ ಪಂಜಾ ಬೇಡ, ತುಂಡು ತಂದೊಪ್ಪಿಸಿ ತಪ್ಪಾಯಿತು ಎಂದರೆ ನೋಡೋಣ ಎಂದು ಹಿರಿಯರು ಹೇಳಿಬಿಟ್ಟರು.

ಒಂದು ಸಂಜೆ ಫಕ್ರುಸಾಬ ಬಾದಾಮಿಯಲ್ಲಿ ಶಂಕ್ರಪ್ಪನ ಮನೆ ಹುಡುಕಿಕೊಂಡು ಬಂದ. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು.

“ನನಗ ಆ ಅಂಕಿ ಓದಾಕ ಬರೂದಿಲ್ರಿ,” ಎಂದ ಫಕ್ರುಸಾಬ. “ಆ ತುಂಡು ಎಷ್ಟ ದೊಡ್ಡದು, ಹೆಂಗೈತಿ ಅಂತ ರಟ್ಟಿನಾಗ ಕತ್ತರಿಸಿ ಕೊಡ್ರಿ. ಹುಡುಕಿ ತರ್ತೇನಿ. ಎಲ್ಲೋ ಹೊಳ್ಯಾಗ ಉಳ್ಳಿರಬೇಕು, ಇಲ್ಲಾ ಯಾರರ ಬದುವಿಗೆ ಇಟ್ಟಿರಬೇಕು.”

ಹೇಳುವುದಿದ್ದರೆ ಆಗ ಹೇಳಬೇಕಿತ್ತು. ಇಬ್ಬರೇ ಇದ್ದರು, ಕೇಳಿಸಿಕೊಳ್ಳುವ ಮೇಷ್ಟ್ರುಗಳಿರಲಿಲ್ಲ. ಶಂಕ್ರಪ್ಪ ಏನು ಮಾಡಿದ? ರಟ್ಟು ತಂದ, ಪಟ್ಟಿ ಇಟ್ಟ, ಮೂರು ಗೆರೆ ಎಳೆದ, ಕತ್ತರಿಸಿ ಕೊಟ್ಟ. ಗೆರೆ ಎಂದಿನಂತೆ ನೆಟ್ಟಗಿತ್ತು, ಕಸುಬಿನ ಕೈ. ಅವನ ಹೆಂಡತಿ ಸಿದ್ದವ್ವ ಚಹಾ ಕೊಟ್ಟಳು. ಫಕ್ರುಸಾಬ “ನಿಮ್ಮ ಉಪಕಾರ ಮರಿಯಂಗಿಲ್ರಿ” ಎಂದು ರಟ್ಟನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದ. ಅಂದಿನಿಂದ ಶಂಕ್ರಪ್ಪನಿಗೆ ಅನ್ನ ರುಚಿಸಲಿಲ್ಲ.

ಜುಲೈ, ಆಗಸ್ಟ್ ಎರಡೂ ತಿಂಗಳು ಸುದ್ದಿ ಬರುತ್ತಿತ್ತು. ಫಕ್ರುಸಾಬ ಹೊಳೆಯ ಮಡುವಿನಲ್ಲಿ ಕೈಯಾಡಿಸುತ್ತಿದ್ದಾನಂತೆ. ಊರೂರಿನ ಹೊಲದ ಬದುವಿಗೆ ರಟ್ಟು ಹಿಡಿದು ನೋಡುತ್ತಿದ್ದಾನಂತೆ. ಶಿರೂರಿನವರೆಗೂ ಹೋಗಿದ್ದನಂತೆ, ಅಲ್ಲಿ ಯಾರೋ ಹುಚ್ಚನೆಂದು ನಾಯಿ ಬಿಟ್ಟರಂತೆ. ಕಚೇರಿಯಲ್ಲಿ ಜನ ಇದನ್ನು ನಗುನಗುತ್ತ ಹೇಳುವಾಗ ಶಂಕ್ರಪ್ಪ ಪೆನ್ಸಿಲ್ ಚೂಪು ಮಾಡುತ್ತ ಕೂರುತ್ತಿದ್ದ. ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ಆ ನಾಳೆ ಅರವತ್ತು ಸಲ ಬಂದು ಹೋಯಿತು.

ಸೆಪ್ಟೆಂಬರಿನಲ್ಲಿ, ಮೊಹರಮ್ಮಿನ ಕತ್ತಲ ರಾತ್ರಿಗೆ ಐದು ದಿನ ಇದ್ದಾಗ, ಕಮಿಟಿಯವರು ಮತ್ತೆ ಹೇಳಿ ಕಳಿಸಿದರು. ತುಂಡು ಸಿಕ್ಕಿದೆ!

ಶಂಕ್ರಪ್ಪ ಹೋದಾಗ ಗುಡಿಯೊಳಗೆ ಊರು ನೆರೆದಿತ್ತು. ನಡುವೆ ಗೋಣಿತಾಟಿನ ಮೇಲೆ ಮೂರು ಮೂಲೆಯ ಕಲ್ಲು. ಪಕ್ಕದಲ್ಲಿ ಫಕ್ರುಸಾಬ, ತಲೆ ತಗ್ಗಿಸಿ.

“ನಾನ ತಗೊಂಡಿದ್ನಿರಿ,” ಎಂದ ಅವನು. “ತಪ್ಪಾತು. ತಂದು ಒಪ್ಪಿಸೇನಿ. ಹೊಟ್ಟ್ಯಾಗ ಹಾಕ್ಕೋರಿ.”

“ನಾ ಅವತ್ತ ಹೇಳಲಿಲ್ಲೇನು!” ಎಂದ ರಾಚಪ್ಪ. ಬಾಗಲಕೋಟೆಯಿಂದ ಬಂದಿದ್ದ ಸಂಗಯ್ಯ ಕಾಗದ ಬಿಚ್ಚಿ ಕಲ್ಲಿನ ಒಂದು ಬದಿ ಅಳೆದ, ಇನ್ನೊಂದು ಅಳೆದ, ಮೂರನೆಯದೂ ಸರಿ ಬಂದಾಗ ಅವನ ಮುಖ ಅರಳಿತು. ಕಣ್ಣಿಗೆ ಕಾಣದ ಕಲ್ಲನ್ನೂ ರೇಖಾಗಣಿತ ಹೊರಗೆಳೆಯಿತು ಎಂದು ಎಲ್ಲರಿಗೂ ವಿವರಿಸತೊಡಗಿದ.

ಶಂಕ್ರಪ್ಪ ಬಗ್ಗಿ ನೋಡಿದ. ಮಣ್ಣು ಮೆತ್ತಿದ್ದರೂ ಅಂಚಿನಲ್ಲಿ ಉಳಿಯ ಹೊಸ ಏಟು ಬೆಳ್ಳಗೆ ಕಾಣುತ್ತಿತ್ತು. ಫಕ್ರುಸಾಬನ ಎಡಗೈಯ ಎರಡು ಬೆರಳಿಗೆ ಚಿಂದಿ ಸುತ್ತಿತ್ತು. ಉಳಿ ಹಿಡಿದು ಗೊತ್ತಿಲ್ಲದ ಕೈ, ರಟ್ಟಿನ ಮೂರು ಗೆರೆಗೆ ಕಲ್ಲನ್ನು ಒಗ್ಗಿಸಿ ಕಡಿದು ತಂದಿತ್ತು. ಇಲ್ಲದ ಕಲ್ಲನ್ನು ಹುಡುಕಿ ಸೋತವನು ಅದನ್ನು ಹುಟ್ಟಿಸಿ, ಮಾಡದ ಕಳವನ್ನು ಒಪ್ಪಿಕೊಂಡಿದ್ದ.

“ಆ ತುಂಡು ಸುಳ್ಳು,” ಎಂದ ಶಂಕ್ರಪ್ಪ. ಯಾರಿಗೂ ಕೇಳಿಸಲಿಲ್ಲ. ಮತ್ತೆ ಕೂಗಿಯೇ ಹೇಳಿದ: “ಅಂಥ ತುಂಡು ಇರಲೇ ಇಲ್ರಿ! ಹದಿನೇಳನೇ ಕಲ್ಲಿನ ಆ ಕಡೆ ನಾ ನೋಡಿಲ್ಲ. ಬಸ್ ತಪ್ಪತೈತಂತ ನೋಡದ ಗೆರಿ ಹಾಕಿದೆ. ಬಾಗಲಕೋಟ್ಯಾಗ ಕೇಳಿದಾಗ ಸುಳ್ಳ ಹೇಳಿದೆ. ಎತ್ರಿ ಅದನ್ನ.”

ನಾಲ್ವರು ಮೇಲಿನ ತುಂಡು ಸರಿಸಿ, ಹಾರೆ ಹಾಕಿ ಮೀಟಿದರು. ಮಣ್ಣು ಉದುರಿತು. ಹದಿನೇಳನೆಯ ಕಲ್ಲಿಗೆ ಆ ಬದಿಯಲ್ಲಿ ಮೂರು ಮೂಲೆಯ ದೊಡ್ಡದೊಂದು ಹಲ್ಲು ಇತ್ತು. ಸಂಗಯ್ಯ ಅಳೆದ. ಯಂತ್ರ ಹೇಳಿದ್ದಕ್ಕೆ ಒಂದು ನೂಲೂ ಹೆಚ್ಚುಕಡಿಮೆ ಇರಲಿಲ್ಲ.

ಎಲ್ಲರೂ ಉಗಿಯುತ್ತಾರೆ ಎಂದು ಶಂಕ್ರಪ್ಪ ಕಾದ. ಉಗಿಯಲಿ ಎಂದೇ ಕಾದ. ರಾಚಪ್ಪ ಬಂದು ಅವನ ಬೆನ್ನು ತಟ್ಟಿದ.

“ಇಷ್ಟ ಮಂದಿ ಮುಂದ ತಪ್ಪ ಒಪ್ಪಕೊಳ್ಳಾಕ ಗುಂಡಿಗಿ ಬೇಕ್ರಿ. ದೊಡ್ಡ ಮನಸು ನಿಮ್ಮದು. ಲೇ, ಸಾಹೇಬ್ರಿಗೆ ಚಹಾ ತರ್ರಿ!” ಆಮೇಲೆ ಫಕ್ರುಸಾಬನ ಕಡೆ ತಿರುಗಿ ಗದರಿದ. “ನೀ ಯಾಕೋ ಸುಳ್ಳ ಹೇಳಿದಿ? ಮಾಡಿಲ್ಲಂದ್ರ ಮಾಡಿಲ್ಲನಬೇಕಪ್ಪ.”

“ಅಂದಿದ್ನಲ್ರಿ, ಜೂನ್ ತಿಂಗಳಾಗ,” ಎಂದ ಫಕ್ರುಸಾಬ.

ಒಬ್ಬಿಬ್ಬರು ನಕ್ಕರು. ರಾಚಪ್ಪನೂ ನಕ್ಕು ಮಾತು ಹಾರಿಸಿದ. “ಆತು, ಹೋಗ್ಲಿ. ನಾಳಿಂದ ಕಾವಲಿಗೆ ಬಾ. ಪಂಜಾನೂ ನೀನ ಹಿಡಿ. ನಮ್ದೇನೂ ತಕರಾರಿಲ್ಲ.”

ಫಕ್ರುಸಾಬ ಚಿಂದಿ ಸುತ್ತಿದ ಬೆರಳು ನೋಡಿಕೊಂಡ.

“ಕಾವಲಿಗೆ ಬರ್ತೇನ್ರಿ. ಪಂಜಾ ಬ್ಯಾಡ್ರಿ. ಕದ್ದಿಲ್ಲ, ಖರೆ. ಆದ್ರ ಗುಡಿಯೊಳಗ ನಿಂತು ಸುಳ್ಳ ಹೇಳೇನಿ. ಸುಳ್ಳ ಆಡಿದಾವ ಆ ವರ್ಷ ಪಂಜಾ ಮುಟ್ಟಬಾರ್ದ್ರಿ, ನಮ್ಮಪ್ಪನ ಕಾಲದಿಂದ ಹಂಗ ಐತಿ. ಒಂದ ಸುಳ್ಳಾದ್ರೂ ಸುಳ್ಳ ಅಲ್ಲೇನ್ರಿ?”

ಶಂಕ್ರಪ್ಪ ಅವನ ಹತ್ತಿರ ಹೋಗಿ, “ನನಗ ನಾಲ್ಕ ಬೈರಿ ಫಕ್ರುಸಾಬ್ರ,” ಎಂದ.

“ಬೈದ್ರ ನಿಮಗ ಹಗುರಾಗತೈತ್ರಿ,” ಎಂದ ಫಕ್ರುಸಾಬ. ಸಿಟ್ಟಿರಲಿಲ್ಲ, ದಣಿವಿತ್ತು. ಬಾಗಿಲಿಗೆ ಚಹಾ ಬಂದಿತ್ತು. ಅವನೇ ಒಂದು ಲೋಟ ಇಸಿದುಕೊಂಡು ಶಂಕ್ರಪ್ಪನ ಕೈಗೆ ಕೊಟ್ಟ. “ಆರತೈತಿ, ಕುಡೀರಿ,” ಎಂದು ಹೇಳಿ, ಹಾರೆಗಳನ್ನು ಎತ್ತಿಕೊಂಡು ಹೊರಗೆ ಹೋದ.